ಕಾಲೇಜು ಫುಟ್‌ಬಾಲ್ ತಂಡದ ಸ್ಟ್ರೆಂತ್ ಕೋಚ್ ಬದಲಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಜನವರಿ ಬಂತೆಂದರೆ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕೋಚ್‌ಗಳ ಓಡಾಟ ಶುರುವಾಗುತ್ತದೆ. ಒಬ್ಬರು ಹೋದರು, ಇನ್ನೊಬ್ಬರು ಬಂದರು ಎಂಬ ಸುದ್ದಿ ದಿನಾ ಇರುತ್ತದೆ. ಆಟಗಾರರಿಗೆ ಭಾರ ಎತ್ತಿಸಿ, ಓಡಿಸಿ ಮೈ ಗಟ್ಟಿ ಮಾಡಿಸುವ ಸ್ಟ್ರೆಂತ್ ಕೋಚ್ ಬದಲಾದ ಸುದ್ದಿ ಮಾತ್ರ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಆಟಗಾರರ ಮೈಗೆ ಜಾಸ್ತಿ ತಟ್ಟುವುದು ಆ ಬದಲಾವಣೆಯೇ. ತಾವು ಓದಿದ ಕಾಲೇಜಿನ ಮೇಲಿನ ಪ್ರೀತಿಯಿಂದಲೋ, ಅಲ್ಲಿ ಓದುತ್ತಿರುವ ಮಕ್ಕಳಿಂದಲೋ ಈ ಆಟಕ್ಕೆ ಅಂಟಿಕೊಂಡ ಕನ್ನಡಿಗರು ಈಗ ಸಾಕಷ್ಟು ಇದ್ದಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ. ಇಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್.

ಸ್ಟ್ರೆಂತ್ ಕೋಚ್ ಅಂದರೆ ಜಿಮ್ ಟ್ರೈನರ್ ತಾನೆ? ಅವರು ಬದಲಾದರೆ ಅಷ್ಟೊಂದು ವ್ಯತ್ಯಾಸ ಆಗುತ್ತದೆಯೇ?

ಆಗುತ್ತದೆ. ಅದಕ್ಕೆ ಕಾರಣ ನಿಯಮದಲ್ಲೇ ಇದೆ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ, ಸೀಸನ್ ನಡೆಯುವಾಗ ತಂಡದ ಕೆಲಸಕ್ಕೆ ವಾರಕ್ಕೆ 20 ಗಂಟೆ ಮಾತ್ರ ಕೊಡುತ್ತದೆ. ಸೀಸನ್ ಮುಗಿದ ಮೇಲೆ ಅದು ವಾರಕ್ಕೆ 8 ಗಂಟೆಗೆ ಇಳಿಯುತ್ತದೆ. ಆ 8 ಗಂಟೆಯಲ್ಲಿ ಆಟದ ಕೋಚ್‌ಗಳಿಗೆ ಸಿಗುವುದು ಸ್ವಲ್ಪವೇ. ಉಳಿದದ್ದೆಲ್ಲ ವೇಟ್ ರೂಮ್‌ನಲ್ಲಿ ಮತ್ತು ಓಟದಲ್ಲಿ ಕಳೆಯುತ್ತದೆ. ವಸಂತದಲ್ಲಿ 15 ದಿನದ ಅಭ್ಯಾಸ ಬಿಟ್ಟರೆ, ಜನವರಿಯಿಂದ ಜುಲೈವರೆಗೆ ತಂಡ ಹೆಚ್ಚು ಹೊತ್ತು ಇರುವುದು ಸ್ಟ್ರೆಂತ್ ಕೋಚ್ ಕಣ್ಣೆದುರಿಗೆ. ಹೆಡ್ ಕೋಚ್ ಆ ಸಮಯದಲ್ಲಿ ಹೆಚ್ಚಾಗಿ ಹೊಸ ಹುಡುಗರನ್ನು ಹುಡುಕುವುದರಲ್ಲಿ ಇರುತ್ತಾರೆ.

ನಮ್ಮ ಗರಡಿ ಮನೆಯ ಉಸ್ತಾದರನ್ನು ನೆನೆಸಿಕೊಳ್ಳಿ. ಕುಸ್ತಿ ನಡೆಯುವುದು ದಸರಾ ದಿನ. ಸಾಮು ಮಾಡಿಸುವುದು ವರ್ಷವಿಡೀ. ಯಾರ ಮೈ ಹೇಗಿದೆ, ಯಾರು ನೋವು ಮುಚ್ಚಿಡುತ್ತಿದ್ದಾರೆ, ಯಾರಿಗೆ ಮನೆಯ ಚಿಂತೆ ಎಂಬುದು ಉಸ್ತಾದರಿಗೆ ಮೊದಲು ಗೊತ್ತಾಗುತ್ತದೆ. ಇಲ್ಲೂ ಅಷ್ಟೇ. ಆ ಮನುಷ್ಯ ಬದಲಾದರೆ ಬೆಳಿಗ್ಗೆ 6 ಗಂಟೆಯ ಕಸರತ್ತೂ ಬದಲಾಗುತ್ತದೆ, ಹುಡುಗರ ಗುಟ್ಟು ಗೊತ್ತಿದ್ದವರೂ ಹೊರಟುಹೋಗುತ್ತಾರೆ.

ಈ ಕೆಲಸ ಯಾವಾಗಿನಿಂದ ಇದೆ?

1969ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯ ಬಾಯ್ಡ್ ಎಪ್ಲಿ ಅವರನ್ನು ಸೇರಿಸಿಕೊಂಡಿತು. ಎಪ್ಲಿ ಅಲ್ಲಿಯ ಪೋಲ್ ವಾಲ್ಟ್ ಆಟಗಾರ. ಬೆನ್ನಿಗೆ ಪೆಟ್ಟಾಗಿ ತಾವೇ ಭಾರ ಎತ್ತಿ ಚೇತರಿಸಿಕೊಳ್ಳುತ್ತಿದ್ದರು. ಅವರನ್ನು ನೋಡಿ ಪೆಟ್ಟಾದ ಫುಟ್‌ಬಾಲ್ ಹುಡುಗರೂ ಹಾಗೇ ಮಾಡತೊಡಗಿದರು. ಅದು ಟಾಮ್ ಆಸ್ಬೋರ್ನ್ ಕಣ್ಣಿಗೆ ಬಿತ್ತು. ಅವರು ಆಗ ಸಹಾಯಕ ಕೋಚ್. ಹೆಡ್ ಕೋಚ್ ಬಾಬ್ ಡೆವಾನಿ ಒಪ್ಪಿದರು. ಭಾರ ಎತ್ತಿದರೆ ಮೈ ಬಿಗಿದು ಆಟಗಾರ ನಿಧಾನ ಆಗುತ್ತಾನೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಮುಂದೆ 1970 ಮತ್ತು 1971ರಲ್ಲಿ ನೆಬ್ರಾಸ್ಕಾ ರಾಷ್ಟ್ರೀಯ ಚಾಂಪಿಯನ್ ಆಯಿತು. ಉಳಿದ ಕಾಲೇಜುಗಳೂ ಸ್ಟ್ರೆಂತ್ ಕೋಚ್‌ಗಳನ್ನು ಹುಡುಕತೊಡಗಿದವು. ಈ ವೃತ್ತಿಯವರ ಸಂಘವಾದ ಎನ್‌ಎಸ್‌ಸಿಎಯನ್ನು 1978ರಲ್ಲಿ ಕಟ್ಟಿದ್ದೂ ಎಪ್ಲಿ ಅವರೇ.

ಸ್ಟ್ರೆಂತ್ ಕೋಚ್ ಸಾಮಾನ್ಯವಾಗಿ ಯಾಕೆ ಬದಲಾಗುತ್ತಾರೆ?

ಬಹಳ ಸಲ ಹೆಡ್ ಕೋಚ್ ಬದಲಾಗುವುದೇ ಕಾರಣ. ಹೊಸಬರು ತಮ್ಮ ನಂಬಿಕೆಯ ಮನುಷ್ಯನನ್ನು ಜೊತೆಗೆ ಕರೆತರುತ್ತಾರೆ. 2024ರಲ್ಲಿ ಜಿಮ್ ಹಾರ್ಬಾ ಮಿಷಿಗನ್ ಬಿಟ್ಟು ವೃತ್ತಿಪರ ತಂಡವಾದ ಲಾಸ್ ಏಂಜಲೀಸ್ ಚಾರ್ಜರ್ಸ್‌ಗೆ ಹೋದಾಗ ಸ್ಟ್ರೆಂತ್ ಕೋಚ್ ಬೆನ್ ಹರ್ಬರ್ಟ್ ಕೂಡ ಅವರ ಜೊತೆ ಹೋದರು. ಹೆಡ್ ಕೋಚ್ ಬದಲಾದರೂ ಉಳಿದುಕೊಂಡವರಿದ್ದಾರೆ. ಓಹಾಯೊ ಸ್ಟೇಟ್‌ನ ಮಿಕ್ಕಿ ಮರೋಟಿ 2012ರಲ್ಲಿ ಅರ್ಬನ್ ಮೇಯರ್ ಜೊತೆ ಬಂದವರು. 2019ರಲ್ಲಿ ರಯಾನ್ ಡೇ ಹೆಡ್ ಕೋಚ್ ಆದಾಗ ಅವರನ್ನು ಬಿಟ್ಟುಕೊಡಲಿಲ್ಲ.

ಕೆಲವರು ಬೇರೆ ದಾರಿ ಹುಡುಕಿ ಹೋಗುತ್ತಾರೆ. ಅಲಬಾಮಾದಲ್ಲಿ 2007ರಿಂದ ಇದ್ದ ಸ್ಕಾಟ್ ಕಾಕ್ರನ್ 2020ರಲ್ಲಿ ಜಾರ್ಜಿಯಾಗೆ ಹೋಗಿ, ಚೆಂಡು ಒದೆಯುವ ಆಟಗಳನ್ನು ನೋಡಿಕೊಳ್ಳುವ ಸ್ಪೆಷಲ್ ಟೀಮ್ಸ್ ಕೋಚ್ ಆದರು. ತಂಡ ಸೋತಾಗಲೂ ಬದಲಾವಣೆ ಬರುತ್ತದೆ. ನೋಟರ್ ಡೇಮ್ 2016ರಲ್ಲಿ 4 ಗೆದ್ದು 8 ಸೋತಿತು. ಹೆಡ್ ಕೋಚ್ ಬ್ರಯಾನ್ ಕೆಲ್ಲಿ ಉಳಿದರು, ಸ್ಟ್ರೆಂತ್ ಕೋಚ್ ಬದಲಾದರು.

ಇನ್ನು ನಡವಳಿಕೆಯ ಕಾರಣ. ಅಯೋವಾದಲ್ಲಿ 1999ರಿಂದ ಇದ್ದ ಕ್ರಿಸ್ ಡಾಯ್ಲ್ ಈ ಕೆಲಸದಲ್ಲಿ ದೇಶದಲ್ಲೇ ಅತಿ ಹೆಚ್ಚು ಸಂಬಳ ಪಡೆಯುತ್ತಿದ್ದವರು, ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್. 2020ರ ಜೂನ್‌ನಲ್ಲಿ ಹಳೆಯ ಕಪ್ಪು ಆಟಗಾರರು ಒಬ್ಬೊಬ್ಬರಾಗಿ ಮುಂದೆ ಬಂದು, ತಮ್ಮನ್ನು ಅಲ್ಲಿ ಬೇರೆ ರೀತಿ ನಡೆಸಿಕೊಂಡರು, ಕೀಳಾಗಿ ಮಾತಾಡಿದರು ಎಂದು ಹೇಳಿದರು. ಡಾಯ್ಲ್ ಆರೋಪ ಒಪ್ಪಲಿಲ್ಲ. ಆದರೆ ಅದೇ ತಿಂಗಳು ಒಪ್ಪಂದ ಮಾಡಿಕೊಂಡು ಕೆಲಸ ಬಿಟ್ಟರು. ಎರಡು ದಶಕದಲ್ಲಿ ಎಷ್ಟು ಹುಡುಗರು ಬಂದು ಹೋಗಿರಬೇಡ? ಅವರ ಮಾತು ಹೊರಬರಲು ಅಷ್ಟು ಕಾಲ ಹಿಡಿಯಿತು ಎನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

ಹೊಸಬರು ಬಂದರೆ ಕಸರತ್ತಿನಲ್ಲಿ ನಿಜವಾಗಿ ಏನು ಬದಲಾಗುತ್ತದೆ?

ಕೆಲವು ಸಲ ಇಡೀ ಕೋಣೆಯೇ ಬದಲಾಗುತ್ತದೆ. ಮಿಷಿಗನ್‌ನಲ್ಲಿ ಮೈಕ್ ಗಿಟಲ್ಸನ್ 1978ರಿಂದ ಸುಮಾರು 30 ವರ್ಷ ಇದ್ದರು. ಅವರದು ಯಂತ್ರಗಳನ್ನು ನೆಚ್ಚಿಕೊಂಡ ಪದ್ಧತಿ. ಒಂದೇ ಸುತ್ತು, ಆದರೆ ಇನ್ನು ಆಗುವುದೇ ಇಲ್ಲ ಎನ್ನುವವರೆಗೆ ಎತ್ತಬೇಕು. 2008ರಲ್ಲಿ ರಿಚ್ ರಾಡ್ರಿಗಸ್ ಜೊತೆ ಮೈಕ್ ಬಾರ್ವಿಸ್ ಬಂದರು. ಯಂತ್ರಗಳು ಹೋಗಿ ಒಲಿಂಪಿಕ್ ಲಿಫ್ಟಿಂಗ್ ಮಾಡುವ ಕಟ್ಟೆಗಳು ಬಂದವು. ನೆಲದಿಂದ ಬಾರ್ ಎತ್ತಿ ಭುಜಕ್ಕೆ ತರುವ ಪವರ್ ಕ್ಲೀನ್, ಭಾರ ಹೊತ್ತು ಕೂತು ಏಳುವ ಸ್ಕ್ವಾಟ್, ಜಿಗಿತ, ಇವೇ ಮುಖ್ಯವಾದವು. ಪೆನ್ ಸ್ಟೇಟ್‌ನಲ್ಲೂ 2012ರಲ್ಲಿ ಹೀಗೇ ಆಯಿತು. ಬಿಲ್ ಓಬ್ರಯನ್ ಕರೆತಂದ ಕ್ರೇಗ್ ಫಿಟ್ಜೆರಾಲ್ಡ್ ಯಂತ್ರಗಳ ಬದಲು ಬಾರ್, ಡಂಬೆಲ್‌ಗಳಿಗೆ ಒತ್ತು ಕೊಟ್ಟರು.

ಈಗ ಅಂಥ ದೊಡ್ಡ ಜಗಳ ಕಡಿಮೆ. ಹೆಚ್ಚಿನ ಕಡೆ ಬಾರ್‌ಬೆಲ್ ಕೆಲಸವೇ ಬೇರು. ಬದಲಾಗುವುದು ಒತ್ತು ಎಲ್ಲಿ ಎಂಬುದು. ಎಷ್ಟು ಭಾರ ಎತ್ತಿದೆ ಎನ್ನುವುದಕ್ಕಿಂತ ಎಷ್ಟು ವೇಗವಾಗಿ ಎತ್ತಿದೆ ಎಂದು ಅಳೆಯುವವರಿದ್ದಾರೆ. ಅಂಗಿಯೊಳಗೆ ಜಿಪಿಎಸ್ ಇಟ್ಟು ಪ್ರತಿ ಆಟಗಾರನ ಓಟದ ವೇಗ, ಓಡಿದ ದೂರ ನೋಡುತ್ತಾರೆ. ಕಾಕ್ರನ್ ಹೋದ ಮೇಲೆ ಅಲಬಾಮಾ ಕರೆತಂದದ್ದು ಇಂಡಿಯಾನಾದಿಂದ ಇಬ್ಬರನ್ನು: ಡೇವಿಡ್ ಬಲೂ ಮತ್ತು ಮ್ಯಾಟ್ ರೇ. ವೇಗ ಅಳೆಯುವುದು, ಅದನ್ನು ಬೆಳೆಸುವುದು ಇಬ್ಬರ ಹೆಗ್ಗುರುತು. ಹಿಂದೆ ಇದ್ದದ್ದು ಕಾಕ್ರನ್ ಅವರ ಗುಡುಗುವ ದನಿ. ಅದರ ಜಾಗಕ್ಕೆ ಅಂಕಿಗಳು ಬಂದವು.

ಹುಡುಗರ ಮೈ ಎಷ್ಟು ದಿನಕ್ಕೆ ಬದಲಾಗುತ್ತದೆ?

ಮೊದಲ ಕೆಲವು ವಾರ ಎತ್ತುವ ಭಾರ ಬೇಗ ಏರುತ್ತದೆ. ಅದು ಮಾಂಸಖಂಡ ಬೆಳೆದದ್ದಲ್ಲ. ಹೊಸ ಚಲನೆಯನ್ನು ನರಗಳು ಕಲಿತದ್ದು. ಖಂಡ ಕಾಣುವಂತೆ ಬೆಳೆಯಲು ಎರಡು ಮೂರು ತಿಂಗಳು ಬೇಕು. ಖಂಡವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗುವುದು ಇನ್ನೂ ನಿಧಾನ. ಹಾಗಾಗಿ ಮಾರ್ಚ್‌ನಲ್ಲಿ ಹಾಕುವ "ಎರಡು ತಿಂಗಳಲ್ಲಿ ತಂಡವೇ ಬದಲಾಯಿತು" ಎಂಬ ಫೋಟೊಗಳನ್ನು ಜಾಸ್ತಿ ನಂಬಬೇಡಿ.

ಹೊಸ ಸ್ಟ್ರೆಂತ್ ಕೋಚ್ ಬಂದ ವರ್ಷವೇ ತಂಡ ಗೆಲ್ಲುತ್ತದೆಯೇ?

ಇದನ್ನೇ ಎಲ್ಲರೂ ಕೇಳುತ್ತಾರೆ. ಹೌದು, ಇಲ್ಲ ಎರಡಕ್ಕೂ ಸಾಕ್ಷಿ ಸಿಗುತ್ತದೆ.

ಬಾರ್ವಿಸ್ ಬಂದಾಗ ಮಿಷಿಗನ್‌ನಲ್ಲಿ ಎಲ್ಲರೂ ಅವರ ಗುಣಗಾನ ಮಾಡುತ್ತಿದ್ದರು. ಆ ವರ್ಷ ತಂಡ 3 ಗೆದ್ದು 9 ಸೋತಿತು. 1967ರ ನಂತರ ಮಿಷಿಗನ್‌ಗೆ ಗೆಲುವಿಗಿಂತ ಸೋಲು ಜಾಸ್ತಿಯಾದ ಮೊದಲ ವರ್ಷ ಅದು. ಕಸರತ್ತು ಕೆಟ್ಟದ್ದು ಅಂತಲ್ಲ. ಆಟದ ಪದ್ಧತಿ ಹೊಸದು, ಅದಕ್ಕೆ ತಕ್ಕ ಆಟಗಾರರು ಇರಲಿಲ್ಲ. ನೋಟರ್ ಡೇಮ್‌ನಲ್ಲಿ ಉಲ್ಟಾ. 2017ರಲ್ಲಿ ಮ್ಯಾಟ್ ಬೇಲಿಸ್ ಬಂದರು, 4–8 ಇದ್ದದ್ದು 10–3 ಆಯಿತು. ಪೂರ್ತಿ ಪುಣ್ಯ ಬೇಲಿಸ್‌ಗೆ ಕೊಡಬಹುದೇ? ಅದೇ ಚಳಿಗಾಲದಲ್ಲಿ ಆಕ್ರಮಣ, ರಕ್ಷಣೆ ಎರಡರ ಮುಖ್ಯ ಕೋಚ್‌ಗಳೂ ಹೊಸಬರೇ.

ಅಲಬಾಮಾದ ಕಥೆ ಇನ್ನೂ ಕಷ್ಟ. ಬಲೂ ಮತ್ತು ರೇ ಬಂದದ್ದು 2020ರ ಮಾರ್ಚ್‌ನಲ್ಲಿ. ಅಷ್ಟರಲ್ಲೇ ಕೊರೋನಾ ಬಂದು ಎಲ್ಲ ಬಂದ್ ಆಯಿತು. ಹುಡುಗರು ಮನೆಯಲ್ಲೇ ಕಸರತ್ತು ಮಾಡಿದರು, ಕೈಗೆ ಕಟ್ಟಿದ ಆಪಲ್ ವಾಚ್ ಲೆಕ್ಕ ಇಟ್ಟಿತು. ಆ ಸೀಸನ್‌ನಲ್ಲಿ ತಂಡ 13 ಪಂದ್ಯ ಆಡಿ 13ನ್ನೂ ಗೆದ್ದಿತು. ಫೈನಲ್‌ನಲ್ಲಿ ಓಹಾಯೊ ಸ್ಟೇಟ್ ವಿರುದ್ಧ 52–24. ಗೆಲ್ಲಿಸಿದವರಲ್ಲಿ ಎಷ್ಟೋ ಮಂದಿ ಮೂರು ನಾಲ್ಕು ವರ್ಷ ಕಾಕ್ರನ್ ಕೈಯಲ್ಲಿ ಗಟ್ಟಿಯಾದವರು. ಹಾಗಾದರೆ ಆ ಗೆಲುವು ಯಾರದು? ಇಬ್ಬರದೂ ಅನ್ನುವುದು ನನ್ನ ಅಭಿಪ್ರಾಯ. ಒಬ್ಬರು ಹೊಲ ಉತ್ತು ಬಿತ್ತಿದರು, ಇನ್ನೊಬ್ಬರು ಕಳೆ ಕಿತ್ತು ನೀರು ಕಟ್ಟಿದರು.

ಇನ್ನೊಂದು ಲೆಕ್ಕ ನೋಡಿ. ಹರ್ಬರ್ಟ್ ಮಿಷಿಗನ್‌ಗೆ ಬಂದದ್ದು 2018ರಲ್ಲಿ. 2020ರಲ್ಲಿ ತಂಡ 2–4. 2023ರಲ್ಲಿ 15–0, ರಾಷ್ಟ್ರೀಯ ಚಾಂಪಿಯನ್. ಕೋಚ್ ಅವರೇ, ವೇಟ್ ರೂಮ್ ಅದೇ. ಒಂದು ಸೀಸನ್ನಿನ ಸೋಲು ಗೆಲುವಿನಿಂದ ಸ್ಟ್ರೆಂತ್ ಕೋಚ್‌ನನ್ನು ಅಳೆಯಬಾರದು ಎಂದು ನಾನು ಹೇಳುವುದು ಇದಕ್ಕೇ.

ಮತ್ತೆ ಹೇಗೆ ಅಳೆಯಬೇಕು?

ಪಂದ್ಯದ ಕೊನೆಯ ಭಾಗವಾದ ನಾಲ್ಕನೇ ಕ್ವಾರ್ಟರ್‌ನಲ್ಲಿ ತಂಡಕ್ಕೆ ದಮ್ಮು ಉಳಿದಿದೆಯೇ ನೋಡಿ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸೆಳೆತದ ಥರದ, ಯಾರೂ ತಾಗದೆಯೇ ಆಗುವ ಪೆಟ್ಟುಗಳು ಕಡಿಮೆಯಾದವೇ ನೋಡಿ. ಮೊದಲ ವರ್ಷ ಬೆಂಚ್ ಮೇಲೆ ಕೂತಿದ್ದ ಹುಡುಗ ಮೂರನೇ ವರ್ಷಕ್ಕೆ ಹೇಗೆ ಆಗಿದ್ದಾನೆ ಎನ್ನುವುದು ಇನ್ನೂ ಒಳ್ಳೆಯ ಗುರುತು. ಇದಕ್ಕೆಲ್ಲ ಎರಡು ಮೂರು ವರ್ಷದ ತಾಳ್ಮೆ ಬೇಕು.

ಬದಲಾವಣೆಯ ಮೊದಲ ವಾರಗಳು ಅಪಾಯ ಅಂತಾರೆ. ನಿಜವೇ?

ನಿಜ. ಈ ಪುಟದಲ್ಲಿ ಒಂದೇ ಉತ್ತರ ಓದುವ ಪುರುಸೊತ್ತಿದ್ದರೆ ಇದನ್ನು ಓದಿ.

2017ರ ಜನವರಿ, ಓರೆಗಾನ್. ಹೆಡ್ ಕೋಚ್ ಹೊಸಬರು. 1980ರ ದಶಕದಿಂದ ಇದ್ದ ಜಿಮ್ ರ‍್ಯಾಡ್‌ಕ್ಲಿಫ್ ಜಾಗಕ್ಕೆ ಹೊಸ ಸ್ಟ್ರೆಂತ್ ಕೋಚ್ ಬಂದಿದ್ದರು. ರಜೆ ಮುಗಿಸಿ ಬಂದ ಹುಡುಗರಿಗೆ ಮೊದಲ ದಿನಗಳಲ್ಲೇ ಜೋರು ಕಸರತ್ತು ಕೊಡಲಾಯಿತು. ಮೂವರು ಆಸ್ಪತ್ರೆ ಸೇರಿದರು. ಆ ಕೋಚ್‌ಗೆ ಒಂದು ತಿಂಗಳು ಸಂಬಳವಿಲ್ಲದ ಅಮಾನತು ಆಯಿತು. ಮರು ವರ್ಷ ಜನವರಿಯಲ್ಲಿ ನೆಬ್ರಾಸ್ಕಾ. ಅಲ್ಲೂ ಹೆಡ್ ಕೋಚ್ ಹೊಸಬರು, ಸ್ಟ್ರೆಂತ್ ಕೋಚ್ ಹೊಸಬರು. ಇಬ್ಬರು ಹುಡುಗರು ಆಸ್ಪತ್ರೆಗೆ ಹೋದರು.

ಕಾಯಿಲೆಯ ಹೆಸರು ರ‍್ಯಾಬ್ಡೊಮಯೊಲಿಸಿಸ್. ರೂಢಿಯಿಲ್ಲದ ಅತಿ ಕಸರತ್ತಿಗೆ ಮಾಂಸಖಂಡದ ಕೋಶಗಳು ಒಡೆದು, ಒಳಗಿನ ಪ್ರೊಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಏಟು ಕೊಡುತ್ತದೆ. ಖಂಡ ಊದಿಕೊಳ್ಳುತ್ತದೆ, ಕೈ ಮಡಚಲೂ ಆಗದಷ್ಟು ನೋವು, ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ. ಮೂತ್ರದ ಬಣ್ಣ ಬದಲಾಯಿತು ಅಂದರೆ ಮಲಗಿ ಸುಧಾರಿಸಿಕೊಳ್ಳುವ ಮಾತೇ ಇಲ್ಲ, ಆಸ್ಪತ್ರೆಗೆ ಹೋಗಬೇಕು.

ಹೊಸ ಕೋಚ್ ಬಂದಾಗಲೇ ಯಾಕೆ ಹೀಗೆ? ಅವರಿಗೆ ಹುಡುಗರ ಮೈ ಗೊತ್ತಿಲ್ಲ. ಹುಡುಗರಿಗೆ ಅವರ ಮುಂದೆ ಬೇಡ ಅನ್ನುವ ಧೈರ್ಯ ಇಲ್ಲ. ಹಳೆಯ ತಂಡ ಮೆತ್ತಗಾಗಿತ್ತು, ನಾವು ಗಟ್ಟಿ ಮಾಡುತ್ತೇವೆ ಎಂದು ತೋರಿಸುವ ಆತುರವೂ ಇರುತ್ತದೆ. ಇದೆಲ್ಲ ಒಟ್ಟಾಗುವುದು ಮೂರು ವಾರ ರಜೆ ಮುಗಿಸಿ ಬಂದ ಮೈಗಳ ಮೇಲೆ. ಹಾಗಂತ ಹಳಬರಿದ್ದರೆ ಭಯವಿಲ್ಲ ಅಂತಲ್ಲ. ಅಯೋವಾದಲ್ಲಿ 2011ರ ಜನವರಿಯಲ್ಲಿ 13 ಆಟಗಾರರು ಇದೇ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ರಜೆ ಮುಗಿದ ಕೂಡಲೇ ಭಾರ ಹೊತ್ತು 100 ಸ್ಕ್ವಾಟ್ ಮಾಡಿಸಿದ್ದರು. ಕೋಚ್ 12 ವರ್ಷದಿಂದ ಅಲ್ಲೇ ಇದ್ದವರು.

ಇದನ್ನು ತಡೆಯಲು ನಿಯಮ ಇಲ್ಲವೇ?

2019ರಲ್ಲಿ ಈ ವೃತ್ತಿಯ ಎರಡು ಸಂಘಗಳು, ಸಿಎಸ್‌ಸಿಸಿಎ ಮತ್ತು ಎನ್‌ಎಸ್‌ಸಿಎ, ಸೇರಿ ಒಂದು ಮಾರ್ಗಸೂಚಿ ತಂದವು. ಅದರ ತಿರುಳು 50, 30, 20, 10. ರಜೆಯಿಂದ ಬಂದ ಮೊದಲ ವಾರ ಓಟದ ಕಸರತ್ತನ್ನು ಶೇಕಡ 50 ಇಳಿಸಬೇಕು. ಎರಡನೇ ವಾರ 30, ಮೂರನೇ ವಾರ 20, ನಾಲ್ಕನೇ ವಾರ 10. ಮಾಮೂಲಿ ದಿನ 20 ಓಟ ಓಡುವ ತಂಡ ಮೊದಲ ವಾರ 10, ಆಮೇಲೆ 14, 16, 18 ಓಡಬೇಕು. ವಿಶ್ರಾಂತಿಗೂ ಲೆಕ್ಕ ಇದೆ. ಮೊದಲ ವಾರ 15 ಸೆಕೆಂಡ್ ಓಡಿದರೆ ಕನಿಷ್ಠ 60 ಸೆಕೆಂಡ್ ನಿಲ್ಲಬೇಕು. ಕೋಚ್ ಬದಲಾಗುವುದನ್ನೂ ಅದು ಎಚ್ಚರದಿಂದಿರಬೇಕಾದ ಕಾಲ ಎಂದೇ ನೋಡುತ್ತದೆ. ಅದೇ ವರ್ಷ ಎನ್‌ಸಿಎಎ ಹೊರತಂದ ಸಲಹೆಯಲ್ಲಿ ಕಸರತ್ತನ್ನು ಶಿಕ್ಷೆಯಾಗಿ ಬಳಸಬಾರದು ಎಂದಿದೆ.

ಕಷ್ಟ ಕೊಟ್ಟರೆ ತಾನೆ ಗಟ್ಟಿಯಾಗುವುದು?

ಕಷ್ಟ ಬೇಕು, ನಾನೂ ಒಪ್ಪುತ್ತೇನೆ. ಆದರೆ ಯಾವ ಗರಡಿಯಲ್ಲೂ ಹೊಸ ಹುಡುಗನಿಗೆ ಮೊದಲ ದಿನವೇ ಸಾವಿರ ಬಸ್ಕಿ ಹೊಡೆಸುವುದಿಲ್ಲ. ಏರಿಸುತ್ತಾ ಹೋದರೆ ಅದು ಸಾಮು. ಒಬ್ಬ ತಡವಾಗಿ ಬಂದ ಎಂದು ಎಲ್ಲರನ್ನೂ ವಾಂತಿ ಬರುವವರೆಗೆ ಓಡಿಸುವುದರಿಂದ ಯಾವ ಖಂಡವೂ ಬೆಳೆಯುವುದಿಲ್ಲ.

ಮೇರಿಲ್ಯಾಂಡ್‌ನಲ್ಲಿ ಏನಾಯಿತು? ಎಲ್ಲರೂ ಅದನ್ನೇ ಹೇಳುತ್ತಾರಲ್ಲ.

2018ರ ಮೇ 29. ಜೋರ್ಡನ್ ಮೆಕ್‌ನೇರ್ ಎಂಬ 19 ವರ್ಷದ ಆಟಗಾರ ರಜೆ ಮುಗಿದ ಮೇಲೆ ನಡೆದ ಕಸರತ್ತಿನಲ್ಲಿ 110 ಗಜದ ಓಟಗಳನ್ನು ಓಡುತ್ತಿದ್ದ. ಓಡುತ್ತಾ ಓಡುತ್ತಾ ಕುಸಿದ. ಮೈ ಸುಡುತ್ತಿತ್ತು, ಆಸ್ಪತ್ರೆಗೆ ಸೇರಿಸಿದಾಗ 106 ಡಿಗ್ರಿ ಫ್ಯಾರನ್‌ಹೀಟ್. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಒಂದೇ: ಐಸ್ ನೀರಿನ ಟಬ್‌ನಲ್ಲಿ ಮುಳುಗಿಸಿ ಮೊದಲು ಮೈ ತಣಿಸಬೇಕು, ಆಮೇಲೆ ಆಂಬುಲೆನ್ಸ್. ಅದನ್ನು ಮಾಡಲಿಲ್ಲ. ಜೂನ್ 13ರಂದು ಹುಡುಗ ತೀರಿಕೊಂಡ. ವಿಶ್ವವಿದ್ಯಾಲಯದ ಅಧ್ಯಕ್ಷರು ಮನೆಯವರ ಮುಂದೆ ತಪ್ಪು ಒಪ್ಪಿಕೊಂಡರು. ಆಗಸ್ಟ್‌ನಲ್ಲಿ ಸ್ಟ್ರೆಂತ್ ಕೋಚ್ ಹೋದರು, ಅಕ್ಟೋಬರ್ 31ಕ್ಕೆ ಹೆಡ್ ಕೋಚ್ ಕೂಡ.

ಬಿಸಿಲ ಹೊಡೆತದಿಂದ ಕುಸಿದ ಆಟಗಾರನನ್ನು ಸಮಯಕ್ಕೆ ಸರಿಯಾಗಿ ತಣಿಸಿದರೆ ಹೆಚ್ಚು ಕಡಿಮೆ ಯಾವಾಗಲೂ ಉಳಿಸಬಹುದು. ಅದಕ್ಕೇ ಈ ಸಾವನ್ನು ಯಾರಿಗೂ ಮರೆಯಲು ಆಗುತ್ತಿಲ್ಲ.

ಸಿಕಲ್ ಸೆಲ್ ಪರೀಕ್ಷೆ ಯಾಕೆ ಮಾಡುತ್ತಾರೆ? ನಮ್ಮ ಮಕ್ಕಳಿಗೂ ಬೇಕೇ?

ರೈಸ್ ವಿಶ್ವವಿದ್ಯಾಲಯದ ಡೇಲ್ ಲಾಯ್ಡ್ 2006ರಲ್ಲಿ 100 ಗಜದ 16 ಓಟ ಓಡಿದ ಮೇಲೆ ಕುಸಿದು, ಮರುದಿನ ತೀರಿಕೊಂಡ. ಅವನ ರಕ್ತದಲ್ಲಿ ಸಿಕಲ್ ಸೆಲ್ ಗುಣ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಈ ಗುಣ ಇರುವವರು ಆರೋಗ್ಯವಾಗಿಯೇ ಇರುತ್ತಾರೆ. ಅತಿ ಆಯಾಸದಲ್ಲಿ ಮಾತ್ರ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ರಕ್ತ ಓಡದಂತೆ ತಡೆಯಬಹುದು. 2010ರಿಂದ ಎನ್‌ಸಿಎಎಯ ಮೇಲಿನ ದರ್ಜೆಯಾದ ಡಿವಿಷನ್ 1ರಲ್ಲಿ ಈ ಪರೀಕ್ಷೆ ಶುರುವಾಯಿತು. ಇದು ಆಫ್ರಿಕಾ ಮೂಲದವರಿಗೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ದೇಶದ ಬುಡಕಟ್ಟು ಸಮುದಾಯಗಳಲ್ಲೂ ಇದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಯೋಜನೆಯ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗುಣ ಇದ್ದರೂ ಆಟ ಬಿಡಬೇಕಿಲ್ಲ. ಹೊಸ ಕೋಚ್‌ಗೆ ಅದು ಮೊದಲ ದಿನವೇ ಗೊತ್ತಿರಬೇಕು, ಅಷ್ಟೇ.

ಹಳೆಯ ಕೋಚ್ ಹೋದರೆ ಆಟಗಾರರೂ ಬಿಟ್ಟು ಹೋಗುತ್ತಾರೆಯೇ?

ಕೆಲವರು ಹೋಗುತ್ತಾರೆ. 2018ರಲ್ಲಿ, ಕಾಲೇಜು ಬದಲಿಸಲು ಬಯಸುವ ಆಟಗಾರರ ಹೆಸರು ಸೇರಿಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂತು. 2021ರಿಂದ ಮೊದಲ ಸಲ ಕಾಲೇಜು ಬದಲಿಸಿದವರು ಒಂದು ವರ್ಷ ಸುಮ್ನೆ ಕೂರಬೇಕಿಲ್ಲ. ಆದರೂ ಸ್ಟ್ರೆಂತ್ ಕೋಚ್ ಒಬ್ಬರಿಗಾಗಿ ಹೋಗುವವರು ಕಡಿಮೆ. ಆಟದ ಅವಕಾಶ, ಹಣ, ಹೆಡ್ ಕೋಚ್, ಇವೇ ಮುಖ್ಯ.

ನನ್ನ ಮಗ ತಂಡದಲ್ಲಿದ್ದಾನೆ, ಈಗಷ್ಟೇ ಹೊಸ ಸ್ಟ್ರೆಂತ್ ಕೋಚ್ ಬಂದಿದ್ದಾರೆ. ಏನು ಕೇಳಬೇಕು?

ಮೊದಲು ಅವರ ಅರ್ಹತೆ. ಡಿವಿಷನ್ 1ರಲ್ಲಿ ಸ್ಟ್ರೆಂತ್ ಕೋಚ್‌ಗೆ ಮಾನ್ಯತೆ ಇರುವ ಸಂಸ್ಥೆಯ ಪ್ರಮಾಣಪತ್ರ ಇರಲೇಬೇಕು ಎಂಬ ನಿಯಮ 2015ರಿಂದ ಇದೆ. ಕೇಳಲು ಸಂಕೋಚ ಬೇಡ. ಆಮೇಲೆ ಮೊದಲ ನಾಲ್ಕು ವಾರದ ಯೋಜನೆ ಬರಹದಲ್ಲಿ ಇದೆಯೇ, ಅದನ್ನು ವೈದ್ಯಕೀಯ ಸಿಬ್ಬಂದಿ ನೋಡಿದ್ದಾರೆಯೇ ಕೇಳಿ. ಹಳೆಯ ಪೆಟ್ಟು, ಆಪರೇಷನ್, ಅಸ್ತಮಾ ಇದ್ದರೆ ಆ ಮಾಹಿತಿ ಹೊಸಬರಿಗೆ ತಲುಪಿದೆಯೇ ಎಂದೂ ಕೇಳಿ. ಹಳಬರು ಹೋಗುವಾಗ ಇಂಥದ್ದು ಕಳೆದುಹೋಗುತ್ತದೆ.

ಮುಖ್ಯವಾದದ್ದು ಇನ್ನೊಂದಿದೆ. ಕಸರತ್ತಿನ ನಡುವೆ ಹುಡುಗನನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ? ಅದು ಆಟಗಾರರ ಪೆಟ್ಟು, ಆರೋಗ್ಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೈನರ್‌ಗೆ ಅಥವಾ ಡಾಕ್ಟರ್‌ಗೆ ಇರಬೇಕು. ಕೋಚ್ ಅದನ್ನು ತಳ್ಳಿಹಾಕುವಂತಿರಬಾರದು. ಬೆಳಿಗ್ಗೆ 6 ಗಂಟೆಯ ಓಟಕ್ಕೂ ಅವರು ಮೈದಾನದಲ್ಲಿ ಇರುತ್ತಾರಾ ಎಂದು ಕೇಳಿ. ಮಗನಿಗೂ ಹೇಳಿ: ತಲೆ ಸುತ್ತಿದರೆ ನಿಲ್ಲು, ಯಾರು ಏನೇ ಅಂದರೂ ನಿಲ್ಲು, ಸಂಜೆ ನನಗೆ ಫೋನ್ ಮಾಡು. ಕ್ಯಾಂಪಸ್‌ಗೆ ಹೋದಾಗ ವೇಟ್ ರೂಮ್‌ನ ಹೊಸ ಯಂತ್ರಗಳನ್ನು ಅವರೇ ತೋರಿಸುತ್ತಾರೆ. ನೀವು ಐಸ್ ನೀರಿನ ಟಬ್ ಎಲ್ಲಿದೆ ಎಂದು ಕೇಳಿ. ಮೈದಾನದ ಪಕ್ಕದಲ್ಲೇ ಇದೆಯೇ, ಓಟದ ದಿನ ಅದರಲ್ಲಿ ನೀರು ತುಂಬಿರುತ್ತದೆಯೇ ಎಂದು ಕಣ್ಣಾರೆ ನೋಡಿ ಬನ್ನಿ.